ನೋಡುವವರಿಲ್ಲದ ನಾಟಕಕ್ಕೆ ಹೊಲಿದದ್ದು

ಗುತ್ತಲು ರಸ್ತೆಯ ನನ್ನ ಅಂಗಡಿಗೆ
ಮೂವರು ಬಂದರು, ಮೈಸೂರಿನ ಹುಡುಗರು.
ದುರ್ಯೋಧನನ ಕಿರೀಟ ತೋರಿಸಿದೆ. ಬೇಡ ಅಂದರು.
ಭೀಮನ ಎದೆಕವಚ, ಗಾಜಿನ ಹರಳಿನದು,
ರಾತ್ರಿಗೆ ಮುನ್ನೂರು ಬಾಡಿಗೆ. ಅದೂ ಬೇಡ.
"ಹೊಳೀಬಾರದು ಚೆಲುವಯ್ಯನವರೇ" ಅಂದಳು ಮೇದಿನಿ ಅನ್ನೋಳು.
ಮೂವತ್ತೆಂಟು ವರ್ಷದಲ್ಲಿ
ಹೊಳೀಬಾರದು ಅಂದ ಮೊದಲ ಗಿರಾಕಿ.

ಆರುನೂರು ವರ್ಷ ಹಿಂದಿನ ಪಾಳೆಯವಂತೆ,
ಹೆಸರು ಹೊನ್ನಗಾವಲು. ಯಾವ ನಕ್ಷೆಯಲ್ಲೂ ಇಲ್ಲ,
ಪರೀಕ್ಷೆ ಮುಗಿದ ರಜದಲ್ಲಿ ಇವರೇ ಕಟ್ಟಿದ್ದು.
ಕರಿಘಟ್ಟದ ಬುಡದಲ್ಲಿ ಎರಡು ಹಗಲು, ಒಂದು ರಾತ್ರಿ
ಇಪ್ಪತ್ತಾರು ಜನ ಅದರೊಳಗೇ ಇರುತ್ತಾರಂತೆ.
ಮಾತು ಬರೆದಿಲ್ಲ, ಪರದೆ ಇಲ್ಲ, ಹಾರ್ಮೋನಿಯಂ ಇಲ್ಲ.
ನೋಡೋರು ಯಾರು ಅಂದೆ.
ಯಾರೂ ಇಲ್ಲ.
ಮತ್ತೆ ವೇಷ ಯಾರಿಗೆ?
ಫರ್ಹಾನ್ ನಕ್ಕ. "ಹಾಕ್ಕೊಂಡೋರಿಗೆ."

ಆ ರಾತ್ರಿ ನಿದ್ದೆ ಹತ್ತಲಿಲ್ಲ, ಸುಳ್ಳು ಯಾಕೆ.
ನಲವತ್ತು ಅಡಿ ದೂರಕ್ಕೆ ಹೊಲಿದ ಕೈ ಇದು.
ಬೇಗಡೆ ಕಾಗದ ದೀಪದ ಕೆಳಗೆ ಬಂಗಾರ,
ಹತ್ತಿರ ಬಂದರೆ ಅಂಟಿನ ವಾಸನೆ.
ಹತ್ತಿರ ಯಾರು ಬರುತ್ತಿದ್ದರು?

ಬೆಳಿಗ್ಗೆ ಎದ್ದವನೇ ಜಿಪ್ಪಿನ ಡಬ್ಬ ಅಟ್ಟಕ್ಕೆ ಹಾಕಿದೆ.
ಹುಕ್ಕೂ ಹೋಯಿತು. ಎಲ್ಲಕ್ಕೂ ಕಸೆ, ಕಸೆಗೆ ಗಂಟು.
ಮೇಲುಕೋಟೆಯಿಂದ ಕೈಮಗ್ಗದ ಒರಟು ಬಟ್ಟೆ ತಂದೆ,
ಅಳಲೆಕಾಯಿ ನೀರಲ್ಲಿ ಅದ್ದಿ ಒಣಗಿಸಿದೆ.
ತುಕ್ಕು ಮೊಳೆ, ಬೆಲ್ಲ, ನೀರು, ಮಡಕೆಯಲ್ಲಿ ಮೂರು ವಾರ;
ಬೆಲ್ಲಕ್ಕೆ ನಮ್ಮೂರಲ್ಲಿ ಏನು ಬರ.
ನಾತಕ್ಕೆ ಪಕ್ಕದ ಜೆರಾಕ್ಸ್‌ನವನು ಜಗಳಕ್ಕೇ ಬಂದ.
ಮಡಕೆಗಿಳಿಸಿದ ಬಟ್ಟೆ ಮೇಲೆ ಬಂದಾಗ
ಒಲೆ ಹಿಂದಿನ ಗೋಡೆಯಷ್ಟು ಕಪ್ಪು.
ಲೋಹಿತ ಮಾತ್ರ ಸರಪಳಿ ಅಂಗಿಗೆ ಹಟ ಹಿಡಿದ,
ಗುಜರಿ ತಂತಿ ಸರಳಿಗೆ ಸುತ್ತಿ, ಕತ್ತರಿಸಿ,
ಒಂದು ಉಂಗುರಕ್ಕೆ ನಾಲ್ಕು ಪೋಣಿಸುತ್ತಾ ಕೂತ.
ಉಳಿದವರಿಗೆ ಹತ್ತಿ ತುಂಬಿದ ದಪ್ಪ ಅಂಗಿ.
ಬಡ ಕಾವಲಿನವನಿಗೆ ಕಬ್ಬಿಣ ಯಾರಪ್ಪ ಕೊಡ್ತಾರೆ?

ಕೊನೆಗೆ ಹಳತು ಮಾಡುವ ಕೆಲಸ.
ಕಲ್ಲು ಹಿಡಿದು ಉಜ್ಜತೊಡಗಿದರು, ಎಲ್ಲ ಕಡೆ ಒಂದೇ ಸಮ.
ಬಟ್ಟೆ ಹಂಗೆ ಹಳತಾಗಲ್ಲ ಕಣ್ರೋ.
ಹೊರೆ ಹೊತ್ತ ಹೆಗಲು ಬೇರೆ, ಒಲೆ ಊದಿದ ಮೊಣಕಾಲು ಬೇರೆ.
ಹಾಕಿದ್ದು ಯಾರು ಅಂತ ನೀವು ಹೇಳಿ,
ಹರಿದದ್ದು ಎಲ್ಲಿ ಅಂತ ನಾನು ಹೇಳ್ತೀನಿ.

ಹೇಳಿದರು.
ಮೇದಿನಿ ಬಾಗಿಲು ಕಾಯುವವಳು, ಎಡಚಿ:
ಎಡ ಅಂಗೈ ಕೆಳಗಿನ ತೋಳಂಚು ಸವೆಸಿದೆ.
ಫರ್ಹಾನ್ ಸವಾರ, ಕುದುರೆ ಮಾರಿಕೊಂಡಿದ್ದಾನೆ, ಯಾರಿಗೂ ಹೇಳಿಲ್ಲ:
ತೊಡೆಯ ಒಳಗೆ ತೊಗಲಿನ ತೇಪೆ ಹಾಕಿ,
ತೇಪೆಯ ಮೇಲೆ ದೂಳು ಕೂರಲು ಬಿಟ್ಟೆ.
ಆಮೇಲೆ ಎಣಿಸಿದೆ. ಇಪ್ಪತ್ತಾರರಲ್ಲಿ ಹನ್ನೊಂದು ದಳವಾಯಿಗಳು!
ನೀರು ತರೋರು ಯಾರು ಅಂದೆ.
ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಉಳಿದ ತುಂಡುಗಳಲ್ಲಿ ಇಪ್ಪತ್ತೇಳನೆಯದು ಹೊಲಿದೆ.
ಅಳತೆ ಯಾರದು ಅಂತ ಅವರು ಕೇಳಲಿಲ್ಲ.

ಶನಿವಾರ ಟೆಂಪೋದಲ್ಲಿ ಗಂಟುಮೂಟೆ ಇಳಿಸಿ
ಹುಣಸೆ ಮರದ ಹಿಂದೆ ಪ್ಯಾಂಟು ಕಳಚಿದೆ.
ಸಾವಿರ ಜನಕ್ಕೆ ವೇಷ ಕಟ್ಟಿದವನು
ಒಂದು ದಿನವೂ ರಂಗ ಹತ್ತಿದವನಲ್ಲ. ಕಾಲು ನಡುಗಿತು.
ಹೆಗಲ ಮೇಲೆ ಕೊಡ. ಲೋಕಪಾವನಿಯ ನೀರು, ನಿಜವಾದ ಭಾರ.

ಮುಳ್ಳುಬೇಲಿಯ ಬಾಗಿಲಲ್ಲಿ ಎಡಗೈಯ ಈಟಿ ಅಡ್ಡ ಬಂತು.
"ಯಾರು ನೀನು?"
ಮೂರು ತಿಂಗಳು ನನ್ನ ಅಂಗಡಿಯ ಟೀ ಕುಡಿದ ಹುಡುಗಿ,
ಕಣ್ಣಲ್ಲಿ ಗುರುತಿನ ಒಂದು ಚೂರೂ ಇಲ್ಲ.
ನೀರಿನವನು ತಾಯಿ, ಅಂದೆ.
ದನಿ ನನ್ನದಲ್ಲ, ಎಲ್ಲಿತ್ತೋ.

ಅಡಿಯಿಂದ ಮುಡಿಗೆ ನೋಡಿದಳು.
ಕಣ್ಣು ಮಣಿಕಟ್ಟಿನಲ್ಲಿ ನಿಂತಿತು:
ವಾಚು ಬಿಚ್ಚಿಟ್ಟ ಜಾಗ, ಬೆಳ್ಳಗೆ ಒಂದು ಪಟ್ಟಿ.
ಏನೂ ಅನ್ನದೆ ಬಗ್ಗಿ, ಹಿಡಿ ಕೆಸರು ತೆಗೆದು
ಅದರ ಮೇಲೆ ಸವರಿದಳು,
ಸರಿದು ದಾರಿ ಬಿಟ್ಟಳು.

ಅದೊಂದು ಕಡೆ ಹಳತು ಮಾಡೋದು
ನಾನು ಮರೆತಿದ್ದೆ.